ಚೆಲ್ಲಿದ್ದು ನಾನಲ್ಲ, ಕ್ಯಾನು

“ಚೆಲ್ಲಿದ್ದು ನಾನಲ್ಲ, ಕ್ಯಾನು,” ಎಂದಳು ಸಂಧ್ಯಾರಾಣಿ.

ಅವಳ ಕೈ, ಲಂಗ, ಗದ್ದೆ ಉಳುವ ಟಿಲ್ಲರಿನ ಟ್ಯಾಂಕು ಎಲ್ಲಕ್ಕೂ ಡೀಸೆಲ್ ಸ್ನಾನವಾಗಿತ್ತು. ಅರ್ಧ ಡೀಸೆಲ್ ಗದ್ದೆಯ ಕೆಸರಿಗೆ ಹೋಗಿತ್ತು.

“ಕ್ಯಾನಿಗೇನು ಕೈಕಾಲು ಐತೇನು, ತಾನೇ ಚೆಲ್ಲಾಕೆ?” ಪ್ರವೀಣ್ ಚಿಕ್ಕಪ್ಪ ಸಿಡುಕಿದರು. “ನಿನಗೆ ನೆಟ್ಟಗೆ ಹಿಡಿಯಾಕೆ ಬರಲ್ಲ. ನಾಳೆಯಿಂದ ಗದ್ದೆ ಕಡೆ ಬರಬ್ಯಾಡ.”

ಸಂಧ್ಯಾಳ ಕಿವಿ ಬಿಸಿಯಾದವು. ಐದನೇ ಕ್ಲಾಸಿನ ಅವಳಿಗೆ ರಜೆ ಅಂದರೆ ಟಿಲ್ಲರು. ಡೀಸೆಲ್ ಹಾಕುವ ಕೆಲಸ ಅವಳದು. ಸಂಜೆ ಟ್ರೇಲರಿನಲ್ಲಿ ಕಾಲು ಇಳಿಬಿಟ್ಟು ಕೂತು ಕತ್ತಲಗೆರೆಯ ಬೀದಿಯಲ್ಲಿ ಬರುವುದೂ ಅವಳೇ. ಮಾಡದ ತಪ್ಪಿಗೆ ಅದನ್ನೆಲ್ಲ ಬಿಟ್ಟುಕೊಡಲು ಅವಳೇನು ದಡ್ಡಿಯೇ?

ಮನೆಗೆ ಬಂದರೆ ಸರ್ವಮಂಗಳಮ್ಮಜ್ಜಿ ತಗಡಿನ ಡಬ್ಬಿಯಿಂದ ಎಣ್ಣೆ ಬಗ್ಗಿಸುತ್ತಿದ್ದರು. ಎಣ್ಣೆ ಸದ್ದಿಲ್ಲದೆ ದಾರದಂತೆ ಇಳಿಯುತ್ತಿತ್ತು. ಡಬ್ಬಿಗೆ ಎರಡು ತೂತು.

“ಅಜ್ಜಿ, ಆ ಕಡೆ ಸಣ್ಣ ತೂತು ಯಾಕೆ?”

“ಎಣ್ಣೆ ಹೊರಗೆ ಬರಬೇಕಾದ್ರೆ ಗಾಳಿ ಒಳಗೆ ಹೋಗಬೇಕಲ್ಲೇ. ಒಂದೇ ತೂತಿದ್ರೆ ಎರಡೂ ಅಲ್ಲೇ ಗುದ್ದಾಡ್ತವೆ. ಗೊಳಗೊಳ ಅಂತ ಉಗುಳ್ತೈತೆ.”

ಗೊಳಗೊಳ! ಕ್ಯಾನು ಉಗುಳಿದ್ದೂ ಹಾಗೆಯೇ.

ಖಾಲಿ ಕ್ಯಾನನ್ನು ಸಂಧ್ಯಾ ಸೋಪು ಹಾಕಿ ತೊಳೆದು ಒಣಗಿಸಿದಳು. ಮರುದಿನ, ಭಾನುವಾರ ಬೆಳಿಗ್ಗೆ ಪಂಕ್ಚರ್ ಅಂಗಡಿಯ ರಂಗಣ್ಣನ ಮುಂದೆ ಅದನ್ನು ಇಟ್ಟಳು.

“ಹಿಡಿಕೆ ಹಿಂದೆ ಒಂದು ತೂತು ಬೇಕು ರಂಗಣ್ಣ.”

“ಒಳ್ಳೆ ಕ್ಯಾನಿಗೆ ತೂತಾ? ಚಿಕ್ಕಪ್ಪನ್ನ ಕೇಳಿದೀಯಾ?”

“ಇಲ್ಲ. ಕೇಳಿದ್ರೆ ಬ್ಯಾಡ ಅಂತಾರೆ.”

ರಂಗಣ್ಣ ನಕ್ಕು, ಅಜ್ಜಿಯ ಡಬ್ಬಿಯ ಕತೆ ಕೇಳಿ, ತೂತು ಕೊರೆದ. ಅದಕ್ಕೆ ಬೈಕ್ ಟೈರಿನ ಹಳೆಯ ವಾಲ್ವ್ ಸಿಕ್ಕಿಸಿದ. ಗಾಳಿ ಆಡಲೆಂದು ಒಳಗಿನ ಪಿನ್ನು ಕಿತ್ತು, ಮೇಲೆ ಪುಟ್ಟ ಮುಚ್ಚಳ ತಿರುಗಿಸಿದ. “ಸುರಿಯುವಾಗ ತೆಗಿ, ಸಾಗಿಸುವಾಗ ಮುಚ್ಚು.”

ಚಿಕ್ಕಪ್ಪ ನೋಡಿ ಕೂಗಾಡಿದರು. “ಕ್ಯಾನು ಹಾಳು ಮಾಡಿದೆಯಲ್ಲೇ!”

“ಹಾಳು ಮಾಡಿಲ್ಲ. ರಿಪೇರಿ ಮಾಡೀನಿ.”

ಬೇರೆ ಕ್ಯಾನು ಇರಲಿಲ್ಲ. ಗೊಣಗುತ್ತಲೇ ಬಂಕಿನಲ್ಲಿ ಅದಕ್ಕೇ ಡೀಸೆಲ್ ತುಂಬಿಸಿಕೊಂಡು ಗದ್ದೆಗೆ ಹೋದರು. ಸಂಧ್ಯಾ ಹಿಂದೆಯೇ ಹೋದಳು.

“ಬರಬ್ಯಾಡ ಅಂದಿದ್ನಲ್ಲ?”

“ಬಂದೀನಿ. ಆ ಸಣ್ಣ ಮುಚ್ಚಳ ತೆಗೆದು ಹಾಕ್ರಿ, ಚಿಕ್ಕಪ್ಪ.”

“ಡೀಸೆಲ್ ಹಾಕಾಕೆ ನೀನು ನನಗೆ ಕಲಿಸ್ತೀಯಾ?”

ಮುಚ್ಚಳ ತೆಗೆಯದೆಯೇ ಅವರು ಕ್ಯಾನು ಬಗ್ಗಿಸಿದರು. ಗೊಳ್, ಗೊಳಕ್! ಡೀಸೆಲ್ ಚಿಮ್ಮಿ ಅವರ ಬಿಳಿ ಅಂಗಿಯ ಎದೆಯ ಮೇಲೆಲ್ಲ ಹರಿಯಿತು.

‘ನಿಮಗೆ ನೆಟ್ಟಗೆ ಹಿಡಿಯಾಕೆ ಬರಲ್ಲ.’ ನಿನ್ನೆಯಿಂದ ಕೂಡಿಟ್ಟ ಮಾತು ಸಂಧ್ಯಾಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳು ಚಿಕ್ಕಪ್ಪನ ಕಿವಿ ನೋಡಿದಳು. ಕೆಂಪಗಾಗಿದ್ದವು. ನಿನ್ನೆ ತನ್ನವೂ ಹೀಗೇ ಉರಿದಿದ್ದವು.

“ಚೆಲ್ಲಿದ್ದು ನೀವಲ್ಲ ಚಿಕ್ಕಪ್ಪ, ಕ್ಯಾನು,” ಎಂದಳು.

ಚಿಕ್ಕಪ್ಪ ಅಂಗಿ ನೋಡಿಕೊಂಡರು. ಆಮೇಲೆ ಕ್ಯಾನನ್ನು ಅವಳತ್ತ ಚಾಚಿದರು.

ಸಂಧ್ಯಾ ಎರಡು ಬೆರಳಲ್ಲಿ ಪುಟ್ಟ ಮುಚ್ಚಳ ತಿರುಗಿಸಿ ತೆಗೆದಳು. ಡೀಸೆಲ್ ಸದ್ದಿಲ್ಲದೆ ಟ್ಯಾಂಕಿಗೆ ಇಳಿಯತೊಡಗಿತು.