ನೆವಿಲ್ ಮನೆತನದ ಬಟ್ಟಲು

ಗಾಜಿನ ಕಪಾಟು ತೆರೆದೇ ಇತ್ತು. ಒಳಗಿದ್ದ ಮಣ್ಣಿನ ಬಟ್ಟಲು ಮಾಯ!

ಕ್ರ್ಯಾನ್‌ಬರಿ ಎಂಬ ಊರಿನ ಆ ಮನೆಯೊಡತಿ ಮಾರ್ಗರೆಟ್ ನೆವಿಲ್‌ಗೆ ಎಂಬತ್ತರ ಹತ್ತಿರ ವಯಸ್ಸು. ತನ್ನ ಹಿರಿಯರು ಫ್ರಾನ್ಸಿನ ನಾರ್ಮಂಡಿಯವರೆಂಬ ಹೆಮ್ಮೆ ಆಕೆಗೆ. ಬಟ್ಟಲನ್ನು ಅಲ್ಲಿಂದ ತಂದು ಮಾರಿದವನು ಡೇನಿಯಲ್—ವಂಶದ ಬೇರು ಹುಡುಕಿಕೊಡುವುದೇ ಅವನ ಕಸುಬು. ಮರುದಿನ ಅದನ್ನು ಮ್ಯಾನ್‌ಹಟನ್‌ಗೆ ಎಷ್ಟು ಹಳೆಯದೆಂಬ ಪರೀಕ್ಷೆಗೆ ಕಳಿಸುವುದಿತ್ತು.

ಕಪಾಟಿನ ಕೀಲಿ ಇಶಾಳ ಜವಾಬ್ದಾರಿ. ನರ್ಸಿಂಗ್ ಓದುತ್ತ, ಮಾರ್ಗರೆಟ್‌ಳನ್ನು ನೋಡಿಕೊಳ್ಳುತ್ತಿದ್ದ ಕನ್ನಡದ ಹುಡುಗಿ. ಮಾರ್ಗರೆಟ್ ಸೇರಿದಂತೆ ಎಲ್ಲರ ಕಣ್ಣೂ ಅವಳ ಮೇಲೇ ಬಿತ್ತು. ಕಳ್ಳತನದ ಕೇಸು ಬಿದ್ದರೆ ಅವಳು ನರ್ಸ್ ಆದಂತೆಯೇ!

ವಿಮಾ ಕಂಪನಿಯ ಪರವಾಗಿ ವಿಚಾರಣೆಗೆ ಬಂದವನು ವೀರೇಂದ್ರ ಹೊಸೂರ. ಧಾರವಾಡದ ಕಡೆಯವನು; ಗಡಿಬಿಡಿ ಅವನ ಜಾಯಮಾನವಲ್ಲ. ಕೊಟ್ಟ ಚಹಾ ಮುಗಿಯುವವರೆಗೆ ಯಾರನ್ನೂ ಏನೂ ಕೇಳಲಿಲ್ಲ.

"ಕೀಲಿ ಎಲ್ಲಿಟ್ಟಿದ್ದಿ, ತಂಗಿ?" ಇಶಾಳನ್ನು ಕನ್ನಡದಲ್ಲೇ ಕೇಳಿದ.

"ಕಿಚನ್‌ನಲ್ಲಿ, ಹುಕ್ ಮೇಲೆ, ಅಂಕಲ್. ಎಲ್ರಿಗೂ ಗೊತ್ತು. ನಾನು ಮೆಡಿಸಿನ್ ಪಿಕಪ್ ಮಾಡೋಕೆ ಹೋಗಿದ್ದೆ. ಪ್ರಾಮಿಸ್, ನಾನು ಮುಟ್ಟಿಲ್ಲ."

"ಆವಾಗ ಮನ್ಯಾಗ ಯಾರಿದ್ರು?"

"ಮಾರ್ಗರೆಟ್ ಮಲಗಿದ್ರು. ಡೇನಿಯಲ್ ಇದ್ರು. ಆದ್ರೆ ತಂದುಕೊಟ್ಟೋರೇ ಯಾಕೆ ಕದೀತಾರೆ?"

ಹೌದಲ್ಲ! ವೀರೇಂದ್ರನಿಗೂ ಅದೇ ತೊಡಕು. ಅವನು ಡೇನಿಯಲ್‌ನತ್ತ ತಿರುಗಿದ.

"ಆ ಬಟ್ಟಲು ಯಾರದು?"

"ನಾರ್ಮಂಡಿಯಲ್ಲಿ ನೆವಿಲ್ ಎಂಬ ಹಳ್ಳಿಯಿದೆ; ಅಲ್ಲಿನ ಬಡ ಕುಂಬಾರನದು. ಹುಟ್ಟಿದ್ದು, ಸತ್ತದ್ದು ಅಲ್ಲೇ. ಊರು ಬಿಟ್ಟು ಹೋದವನೇ ಅಲ್ಲ. ಊರವರೆಲ್ಲ ಅವನನ್ನು ನೆವಿಲ್ ಎಂದೇ ಕರೆಯುತ್ತಿದ್ದರು. ಬಟ್ಟಲಿನ ಅಡಿಯಲ್ಲಿ ಆ ಹೆಸರು ಕೊರೆದಿದ್ದಾನೆ. ಮಾರ್ಗರೆಟ್ ವಂಶದ ಮೂಲಪುರುಷ!"

"ನೆವಿಲ್ ಅಂದರೆ?"

"ಫ್ರೆಂಚಿನಲ್ಲಿ ಹೊಸ ಊರು."

ವೀರೇಂದ್ರ ನಕ್ಕುಬಿಟ್ಟ.

"ನನ್ನ ಅಡ್ಡಹೆಸರೂ ಅದೇ—ಹೊಸೂರ. ಅದು ಬಂದದ್ದು ನಮ್ಮ ಮುತ್ತಜ್ಜ ಹೊಸೂರು ಬಿಟ್ಟು ಧಾರವಾಡಕ್ಕೆ ಬಂದ ಮೇಲೆ. ಹೊಸೂರಲ್ಲೇ ಇದ್ದಿದ್ದರೆ ಅವನನ್ನು ಹೊಸೂರ ಎಂದು ಯಾರು ಕರೆಯಬೇಕು? ಅಲ್ಲಿ ಎಲ್ಲರೂ ಹೊಸೂರಿನವರೇ! ಊರಿನ ಹೆಸರು ಅಂಟುವುದು ಊರು ಬಿಟ್ಟವನಿಗೆ, ಇಲ್ಲವೇ ಊರಿನ ಒಡೆಯನಿಗೆ. ಊರು ಬಿಡದ ಬಡ ಕುಂಬಾರನಿಗೆ ಎಲ್ಲಿಂದ ಬಂತು? ನೀವು ಕಥೆ ಕಟ್ಟಿದಿರಿ, ಬಟ್ಟಲೂ ಖೋಟಾ. ನಾಳೆ ಪರೀಕ್ಷೆಯಲ್ಲಿ ಬಣ್ಣ ಬಯಲಾಗುತ್ತದೆಂದು ನೀವೇ ಎತ್ತಿದಿರಿ. ಈಗ ಹೊರಗೆ ನಿಂತ ನಿಮ್ಮ ಕಾರಿನ ಡಿಕ್ಕಿ ತೆರೆಯುತ್ತೀರೋ—ಪೊಲೀಸರನ್ನು ಕರೆಯಲೋ?"

ಡೇನಿಯಲ್‌ನ ಮುಖ ಬಿಳಿಚಿಕೊಂಡಿತು. ಹೊರಗೆ ಹೋದವನು ಟವೆಲ್ಲಿನಲ್ಲಿ ಸುತ್ತಿದ್ದ ಬಟ್ಟಲನ್ನು ತಂದು ಮೇಜಿನ ಮೇಲಿಟ್ಟ.

ಮಾರ್ಗರೆಟ್ ಅದರತ್ತ ನೋಡಲೂ ಇಲ್ಲ. ಇಶಾಳತ್ತ ತಿರುಗಿದಳು.

"ಇಶಾ, ನನ್ನಿಂದ ತಪ್ಪಾಯಿತು. ನಾಳೆ ಎಂದಿನಂತೆ ಬರುತ್ತೀಯಲ್ಲ?"

ಇಶಾ ಕಣ್ಣೊರೆಸಿಕೊಂಡಳು. ಮಾರ್ಗರೆಟ್‌ಗೆ ಸಂಜೆಯ ಮಾತ್ರೆ, ನೀರು ಕೊಟ್ಟು, ನುಂಗುವವರೆಗೂ ಪಕ್ಕದಲ್ಲೇ ನಿಂತಳು. ಲೋಟ ವಾಪಸು ತೆಗೆದುಕೊಂಡಳು.

"ಇಲ್ಲ," ಎಂದಳು. "ಬರೋದಿಲ್ಲ."