ಗೆರೆಯ ಮೇಲೆ ನಡೆದ ತುಂಗವ್ವ

ಬಹಳ ಹಿಂದೆ, ಹಕ್ಕಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕನಕಾವತಿ ಮತ್ತು ಶ್ವೇತಗಿರಿ ಎಂಬ ಎರಡು ರಾಜ್ಯಗಳಿದ್ದವು. ಅವುಗಳ ನಡುವೆ ಬನ್ನಿಕೊಪ್ಪ ಎಂಬ ಪುಟ್ಟ ಊರು. ಊರು ನಮ್ಮದು ಎಂದು ಒಬ್ಬ ರಾಜ, ಅಲ್ಲ, ನಮ್ಮದು ಎಂದು ಇನ್ನೊಬ್ಬ ರಾಜ. ಜಗಳ ಬಗೆಹರಿಸುತ್ತೇನೆಂದು ಕರಾಳಜಟನೆಂಬ ಮಾಂತ್ರಿಕ ಬಂದ. ಗುಡ್ಡದ ನೆತ್ತಿಯಿಂದ ಹೊಳೆಯವರೆಗೆ, ಊರ ನಡುಬೀದಿಯಲ್ಲೇ ಹಾಯಿಸಿ, ಒಂದು ಕಪ್ಪು ಗೆರೆ ಎಳೆದ. ದಾಟಿದವರು ಕಲ್ಲಾದರು. ರಾಜರಿಬ್ಬರೂ ಬೆಚ್ಚಿ, ಗೆರೆ ಅಳಿಸು ಎಂದು ಬೇಡಿಕೊಂಡರು. ಅವನು ನಕ್ಕು ಗುಡ್ಡ ಹತ್ತಿ ಕುಳಿತ.

ತುಂಗವ್ವ ಆ ಊರಿನ ಮೂಡಣ ಕೇರಿಯವಳು. ಅವಳ ತಾಯಿ ಊರಿಗೆಲ್ಲ ಸೂಲಗಿತ್ತಿ. ತಂಗಿ ಬೆಳ್ಳವ್ವನನ್ನು ಪಡುವಣ ಕೇರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ಬೆಳಿಗ್ಗೆ ಬೆಳ್ಳವ್ವನಿಗೆ ಹೆರಿಗೆ ನೋವು ಬಂತು. ಮಗಳ ನರಳಾಟ ಬೀದಿಯಾಚೆಯಿಂದ ಕೇಳುತ್ತಲೇ ತಾಯಿಗೆ ಗೆರೆ ಮರೆತೇಹೋಯಿತು. ಓಡಿದಳು. ಎತ್ತಿದ ಕಾಲು ಆಚೆ ಊರುವಷ್ಟರಲ್ಲಿ ಕಲ್ಲಾಗಿ ನಿಂತಳು. ಸೆರಗು ಮಾತ್ರ ಈಚೆ ಉಳಿದಿತ್ತು. ತುಂಗವ್ವ ಮುಟ್ಟಿ ನೋಡಿದಳು. ಸೆರಗೂ ಕಲ್ಲು.

ಅವಳು ಅಲ್ಲಿಂದಲೇ ಗುಡ್ಡದತ್ತ ಹೊರಟಳು.

ಗುಡ್ಡದ ಬುಡದಲ್ಲಿ ನೀಲಿ ಹುಲಿ ಅಡ್ಡಗಟ್ಟಿ, ಯಾವ ರಾಜ್ಯದವಳು ಎಂದು ಕೇಳಿತು. ಕನಕಾವತಿ ಎಂದವರನ್ನೂ ತಿನ್ನಬೇಕು, ಶ್ವೇತಗಿರಿ ಎಂದವರನ್ನೂ ತಿನ್ನಬೇಕು. ಅದು ಮಾಂತ್ರಿಕನ ಕಟ್ಟಪ್ಪಣೆ.

"ನಾನು ಬನ್ನಿಕೊಪ್ಪದವಳು," ಎಂದಳು ತುಂಗವ್ವ.

ಬನ್ನಿಕೊಪ್ಪದವರನ್ನು ಏನು ಮಾಡಬೇಕೆಂದು ಹುಲಿಗೆ ಯಾರೂ ಹೇಳಿರಲಿಲ್ಲ. ತಲೆ ಕೆರೆದುಕೊಂಡು ದಾರಿ ಬಿಟ್ಟಿತು.

ಮೇಲೆ ಎರಡು ತಲೆಯ ಹಕ್ಕಿ ಕಾದಿತ್ತು. ಅದೂ ಅದನ್ನೇ ಕೇಳಿತು, ಅವಳೂ ಅದನ್ನೇ ಹೇಳಿದಳು. ಬಿಡೋಣ ಎಂದಿತು ಒಂದು ತಲೆ, ಕೊಲ್ಲೋಣ ಎಂದಿತು ಇನ್ನೊಂದು. ಮಾತಿಗೆ ಮಾತು ಬೆಳೆದು ಒಂದನ್ನೊಂದು ರಕ್ತ ಬರುವಂತೆ ಕುಕ್ಕತೊಡಗಿದವು. ತುಂಗವ್ವ ನುಸುಳಿ ಹೋಗಬಹುದಿತ್ತು. ಆದರೆ ನೋವಿನ ದನಿ ಕೇಳಿ ಸುಮ್ಮನಿರುವ ಮನೆತನವಲ್ಲ ಅವಳದು. ಎರಡೂ ಕೊರಳು ಹಿಡಿದು ಬಿಡಿಸಿ, ಸೊಪ್ಪು ಅರೆದು ಗಾಯಕ್ಕೆ ಹಚ್ಚಿದಳು. ಆಗ ಹಕ್ಕಿ ಗುಟ್ಟು ಬಿಟ್ಟುಕೊಟ್ಟಿತು.

"ಗೆರೆ ದಾಟಿದವರು ಕಲ್ಲಾಗುತ್ತಾರೆ. ಅದರ ಮೇಲೆಯೇ ನಡೆದವರು ಇನ್ನೂ ಯಾರೂ ಇಲ್ಲ. ಬರಿಗಾಲು ಬಿದ್ದಲ್ಲೆಲ್ಲ ಅದು ಅಳಿಯುತ್ತದೆ. ಆದರೆ ತಾಯಿ, ಅದು ಕೆಂಡ."

ನೆತ್ತಿಯಲ್ಲಿ ಕರಾಳಜಟನಿದ್ದ. ಅದೇ ಪ್ರಶ್ನೆ, ಅದೇ ಉತ್ತರ. ಅವನು ದನಿ ಮೆತ್ತಗೆ ಮಾಡಿದ. "ಮಗಳೇ, ನಿನ್ನ ತಾಯಿಗೆ ಈಗಲೇ ಜೀವ ಕೊಡುತ್ತೇನೆ. ತಂಗಿಯನ್ನೂ ನಿನ್ನ ಕೇರಿಗೆ ಕಳಿಸುತ್ತೇನೆ. ಗೆರೆ ಇರಲಿ ಎಂದು ಒಂದು ಮಾತು ಹೇಳು."

ತುಂಗವ್ವನ ಕಣ್ಣು ತುಂಬಿತು. ಹೂಂ ಎನ್ನಲು ಬಾಯಿಯನ್ನೂ ತೆರೆದಳು. ಅಷ್ಟರಲ್ಲಿ ಕೆಳಗಿನ ಬೀದಿಯಲ್ಲಿ ಕಲ್ಲಾಗಿ ನಿಂತ ಉಳಿದವರೆಲ್ಲ ಕಂಡರು.

"ಅವರೂ ಯಾರದೋ ಅಪ್ಪ ಅಮ್ಮಂದಿರೇ," ಎಂದು ಗೆರೆಯ ಮೇಲೆ ಕಾಲಿಟ್ಟಳು.

ಪಾದ ಚುರ್ರೆಂದಿತು. ನಡೆದಳು. ಹಿಂದೆ ಗೆರೆ ಅಳಿದು ಹುಲ್ಲು ಚಿಗುರಿತು. ಮಾಂತ್ರಿಕ ಅರಚುತ್ತ ಬೆನ್ನಟ್ಟಿ, ಅವಳನ್ನು ಅಡ್ಡಗಟ್ಟಲು ಮುಂದಕ್ಕೆ ಹಾರಿದ. ಸಿಟ್ಟಿನಲ್ಲಿ ತಾನು ಎಳೆದ ಗೆರೆಯನ್ನು ತಾನೇ ದಾಟಿದ. ನೆಲ ಮುಟ್ಟುವ ಮೊದಲೇ ಕಲ್ಲಾಗಿ, ಗುಡ್ಡದಿಂದ ಉರುಳಿ ಪುಡಿಪುಡಿಯಾದ.

ಊರೊಳಗೆ ಬರುವಷ್ಟರಲ್ಲಿ ತುಂಗವ್ವನ ಕಾಲು ಸೋತಿತ್ತು. ಎರಡೂ ಕೇರಿಯವರು ಕೊಡ ತಂದು ಅವಳ ಪಾದಕ್ಕೆ ನೀರು ಸುರಿದರು. ಆಮೇಲೆ ಒಬ್ಬೊಬ್ಬರಾಗಿ ಕೆರ ಕಳಚಿ ಅವಳ ಬೆನ್ನಿಗೆ ನಿಂತರು. ಊರಿಗೆ ಊರೇ ಸಾಲಾಗಿ, ಹಲ್ಲು ಕಚ್ಚಿ, ಹೊಳೆಯ ತನಕ ಗೆರೆ ತುಳಿದು ಅಳಿಸಿತು. ಕಲ್ಲಾದವರೆಲ್ಲ ಮೈ ಕೊಡವಿ ಎದ್ದರು. ತಾಯಿ ಯಾರನ್ನೂ ಏನೂ ಕೇಳದೆ ನೇರ ಬೆಳ್ಳವ್ವನ ಮನೆಗೆ ಓಡಿದಳು. ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು.

ಸುದ್ದಿ ಕೇಳಿ ಬಂದ ರಾಜರು ತಲೆ ತಗ್ಗಿಸಿ, ಊರು ಊರಿನವರದೇ ಎಂದು ಒಪ್ಪಿದರು. ತುಂಗವ್ವ ಅವರನ್ನು ಮಗುವಿನ ನಾಮಕರಣಕ್ಕೆ ಕರೆದಳು. ಇಬ್ಬರೂ ಬಂದರು, ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡರು. ಬನ್ನಿಕೊಪ್ಪದವರು ಎರಡೂ ರಾಜ್ಯಕ್ಕೆ ಹೆಣ್ಣು ಕೊಟ್ಟು, ಹೆಣ್ಣು ತಂದು, ಎಲ್ಲರಿಗೂ ನೆಂಟರಾಗಿ ಬಹುಕಾಲ ಸುಖವಾಗಿ ಬಾಳಿದರು.