ಹಿರಿಯರ ಎಡೆಯ ಪಾನಕ

ದಿನಾಂಕ 22-9-2025, ಸೋಮವಾರ, ಬೆಳಿಗ್ಗೆ 9.40. ದೊಡ್ಡಮಳೂರು ಪಕ್ಕದ ಹಳ್ಳಿಯ ಭಾನುಪ್ರಿಯ ಚನ್ನಪಟ್ಟಣದ ಠಾಣೆಗೆ ಬಂದು ದೂರು ಕೊಟ್ಟಳು. ಹಿಂದಿನ ದಿನ, ಮಹಾಲಯ ಅಮಾವಾಸ್ಯೆಯ ಎಡೆ ಮುಗಿದ ಎರಡು ಗಂಟೆಯೊಳಗೆ ಅವಳ ಗಂಡ ಬಾಲರಾಜು ಸತ್ತಿದ್ದ. ಕುಡಿದಿದ್ದಾನೆ ಎಂದರು ಆಸ್ಪತ್ರೆಯವರು. ಕುಡುಕ ಸತ್ತ ಎಂದು ಊರು ಆಗಲೇ ತೀರ್ಪು ಕೊಟ್ಟಿತ್ತು. ಊರಿಗೆ ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

"ಹನ್ನೊಂದು ತಿಂಗ್ಳಿಂದ ಮುಟ್ಟಿಲ್ಲ ಸಾರ್. ಎದೆಬಡ್ತ ಹದ ತಪ್ತದೆ, ಒಸಿ ಕುಡುದ್ರೂ ಜೀವಕ್ಕೆ ಕಷ್ಟ ಅಂದಿದ್ರು ಡಾಕ್ಟ್ರು. ಕುಡ್ದು ಸತ್ತ ಅಂತ ಬರೀಬ್ಯಾಡಿ. ನನ್ ಮಗ್ಳು ಅದನ್ನೇ ಕೇಳ್ಕಂಡು ಬೆಳೀಬೇಕು."

ಅಸಹಜ ಸಾವು ಎಂದು ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ಚಲುವಯ್ಯ, ಕಾನ್‌ಸ್ಟೇಬಲ್ ಹನುಮಂತಮ್ಮ 11.15ಕ್ಕೆ ಮನೆ ತಲುಪಿದರು. ಸಾವಿನ ಗಡಿಬಿಡಿಯಲ್ಲಿ ಎಡೆಯ ಪಾತ್ರೆ ಯಾರೂ ತೊಳೆದಿರಲಿಲ್ಲ. ಪಂಚನಾಮೆ ಮಾಡಿ, ಬಾಲರಾಜು ಪಾನಕ ಕುಡಿದ ಲೋಟ ಮತ್ತು ಅವನ ಬಿಪಿ ಮಿಷನ್ ವಶಪಡಿಸಿಕೊಂಡರು. ಮಿಷನ್‌ನಲ್ಲಿ ಹಿಂದಿನ ದಿನದ ನಾಡಿ ಉಳಿದಿತ್ತು. ಬೆಳಿಗ್ಗೆ 6.10ಕ್ಕೆ 72. ಮಧ್ಯಾಹ್ನ 2.05ಕ್ಕೆ 76. ಎರಡೂವರೆಗೆ ಎಡೆ. 3.20ಕ್ಕೆ 158; ಪಕ್ಕದಲ್ಲಿ ಬಡಿತ ಏರುಪೇರು ಎಂಬ ಗುರುತು.

ಶವಪರೀಕ್ಷೆ ಮಾಡಿದ ವೈದ್ಯರು ಹೇಳಿದರು: "ಬಡಿತ ತಪ್ಪಿದ್ದು ಹೆಣದಲ್ಲಿ ಕಾಣಲ್ಲ ಇನ್ಸ್‌ಪೆಕ್ಟರೇ. ಹೊಟ್ಟೇಲಿ ಮದ್ಯ ಇದೆ. ಮಿಕ್ಕಿದ್ದು ನಿಮ್ಮ ಮಿಷನ್ನೇ ಹೇಳ್ತಿದೆ."

ಎಡೆಗಿಟ್ಟ ಬ್ರಾಂದಿಯನ್ನು ಗಂಡಸರು ಪ್ರಸಾದವೆಂದು ಕುಡಿಯುವುದು ಆ ಮನೆಯ ಪದ್ಧತಿ. ಬಾಲರಾಜುವಿಗೆ ಅದರ ಬದಲು ಹೆಂಡತಿಯೇ ಶುಂಠಿ ಪಾನಕ ಮಾಡಿ ಎಡೆಯ ಮುಂದೆ ಇಟ್ಟಿದ್ದಳು. ಕುಡಿದವನು "ಶುಂಠಿ ಜಾಸ್ತಿ ಆಗೈತೆ ಕಣೆ, ಗಂಟ್ಲು ಉರೀತದೆ" ಅಂದಿದ್ದ.

ಮಣ್ಣು ಮುಗಿದ ಮೇಲೆ ಚಲುವಯ್ಯ ಮತ್ತೆ ಆ ಮನೆಗೆ ಬಂದು, ಬಾಲರಾಜುವಿನ ಅಣ್ಣ ಅನಂತರಾಜುವನ್ನು ಕರೆಸಿದರು.

"ಎಡೆ ಕೋಣೆ ಬಾಗಿಲು ಹಾಕಿದ್ಯಾರು?"

"ನಾನೇ ಸಾರ್."

"ಆಮೇಲೆ ಒಳಗೆ ಹೋದವರು?"

"ಹಿರೀರು ಉಣ್ಣೋ ಹೊತ್ತು. ಯಾರು ಹೋಯ್ತಾರೆ?"

ತಾಯಿ ಕಾವೇರಮ್ಮ ಮೂಲೆಯಲ್ಲಿ ಕೂತಿದ್ದಳು. ಹನುಮಂತಮ್ಮ ಅವಳ ಪಕ್ಕ ಹೋಗಿ ಕೂತಳು. "ಹೌದೇನವ್ವ?"

ಮುದುಕಿ ದೊಡ್ಡ ಮಗನ ಕಡೆಯಿಂದ ಮುಖ ತಿರುಗಿಸಿದಳು. ಆಮೇಲೆ ಅಂದಳು: "ಧೂಪ ಆರೋಯ್ತು ಅಂತ ದೊಡ್ಡೋನು ಒಳಿಕ್ ನುಗ್ಬುಟ್ಟ ಕಣವ್ವ. ನಿಮ್ಮಪ್ಪ ಊಟಕ್ ಕುಂತವ್ನೆ, ಈಚೆ ಬಾರ್ಲಾ ಅಂತ ಬೈದೆ. ಒಬ್ನ ಮಣ್ಣಿಗೆ ಇಕ್ಕಿದ್ದಾಯ್ತು. ಇನ್ನೊಬ್ನ ನನ್ ಬಾಯಿಂದಲೇ ನಿಮ್ ಕೈಗೆ ಕೊಡ್ಲಾ?"

ಬೇರೆ ದಿನ ಆಗಿದ್ದರೆ ಅವನು ಒಳಗೆ ಹೋಗಿ ಬಂದದ್ದು ಯಾರಿಗೂ ನೆನಪಿರುತ್ತಿರಲಿಲ್ಲ. ಹಿರಿಯರ ಊಟಕ್ಕೆ ಅಡ್ಡ ಹೋದದ್ದನ್ನು ಮನೆಮಂದಿಯೆಲ್ಲ ನೆನಪಿಟ್ಟಿದ್ದರು.

ವೈನ್ ಸ್ಟೋರ್‌ನ ಸಿಸಿ ಕ್ಯಾಮೆರಾದಲ್ಲಿ ಅನಂತರಾಜು ಶನಿವಾರ ಬ್ರಾಂದಿಯ ಜೊತೆ ಬಣ್ಣವಿಲ್ಲದ, ವಾಸನೆ ಕಡಿಮೆಯ ವೋಡ್ಕಾ ಕೊಂಡದ್ದು ಸಿಕ್ಕಿತು. ಅಕ್ಟೋಬರ್ 10ರಂದು ಪ್ರಯೋಗಾಲಯದ ವರದಿ ಬಂತು: ಲೋಟದ ಪಾನಕದಲ್ಲಿ ಮದ್ಯ. ಕೊಲೆಯಲ್ಲದ ನರಹತ್ಯೆ ಎಂದು ಎಫ್‌ಐಆರ್ ಆಯಿತು. ಸಂಜೆ 4.30ಕ್ಕೆ ಬಂಧನ.

"ಇಬ್ರೂ ಒಂದೇ ಬಾಟ್ಲೀಲಿ ಕುಡೀತಿದ್ದೋ ಸಾರ್," ಅಂದ ಅನಂತರಾಜು. "ಅವ್ನು ಬುಟ್ಬುಟ್ಟ, ನನ್ ಕೈಲಾಗ್ಲಿಲ್ಲ. ಊರ ನ್ಯಾಯಕ್ಕೆ ಅವ್ನ ಕರೀತಾರೆ. ಅವ್ವ ಅವ್ನ ಮನೇಲೇ ಉಣ್ತಾಳೆ. ನನ್ ಹೆಂಡ್ತಿ ದಿನಾ ಬಾಲರಾಜುನ ನೋಡಿ ಕಲೀರಿ ಅಂತಾಳೆ. ಒಂದಿನ ಅವ್ನೂ ತೂರಾಡ್ಲಿ, ಎಲ್ರೂ ನೋಡ್ಲಿ ಅಂತ."

"ಡಾಕ್ಟರ್ ಹೇಳಿದ್ದು ಗೊತ್ತಿತ್ತೇನೋ?"

"ಆಸ್ಪತ್ರೆಗೆ ನಾನೇ ಕರ್ಕಂಡೋಗಿದ್ದೆ."

ಹೊರಗೆ ಬೆಂಚಿನ ಮೇಲೆ ಭಾನುಪ್ರಿಯ ಕೂತಿದ್ದಳು. ಮೃತನಿಗೆ ತಿಳಿಯದಂತೆ ಮದ್ಯ ಬೆರೆಸಿ ಕುಡಿಸಲಾಗಿದೆ ಎಂಬ ಎಫ್‌ಐಆರ್‌ನ ಸಾಲನ್ನು ಹನುಮಂತಮ್ಮ ಓದಿ ಹೇಳಿದಳು.

"ಇನ್ನೊಂದ್ಸಲ ಓದಕ್ಕ," ಅಂದಳು ಭಾನುಪ್ರಿಯ. "ಒಸಿ ಜೋರಾಗಿ."